ಮೊದಲ ಹೂಡಿಕೆದಾರನಿಗಿಂತ ಮೊದಲ ಗಿರಾಕಿ ಸಿಗೋದು ಕಷ್ಟ: ಬೆಂಗಳೂರಿನ ಸ್ಟಾರ್ಟಪ್ ವ್ಯವಸ್ಥೆಯಲ್ಲಿ ಸೋರಿಕೆ ಎಲ್ಲಿದೆ?

ಮಲ್ಲೇಶ್ವರಂ 8ನೇ ಕ್ರಾಸ್

ರಾಜ್ಯದ ಸ್ಟಾರ್ಟಪ್ ನೀತಿ 2025-30ಕ್ಕೆ ಸಂಪುಟ ಒಪ್ಪಿಗೆ ಕೊಟ್ಟಾಗಿಂದ ಎಲ್ಲರ ಬಾಯಲ್ಲೂ ಮೂರೇ ಅಂಕಿ: 518 ಕೋಟಿ ರೂಪಾಯಿ, 25,000 ಸ್ಟಾರ್ಟಪ್, ಅದರಲ್ಲಿ 10,000 ಬೆಂಗಳೂರಿನ ಹೊರಗೆ. ಭಾಗಾಕಾರ ಮಾಡಿದರೆ ತಲೆಗೆ 2 ಲಕ್ಷ ಚಿಲ್ಲರೆ. ಎಚ್‌ಎಸ್‌ಆರ್ ಲೇಔಟಿನಲ್ಲಿ ಒಬ್ಬ ಅನುಭವಿ ಎಂಜಿನಿಯರ್‌ಗೆ ಒಂದು ತಿಂಗಳು ಕೊಡೋ ದುಡ್ಡು. ಹಾಗಂತ ನೀತಿ ದಂಡ ಅಂತಲ್ಲ. 2015ರಲ್ಲೇ ಸ್ಟಾರ್ಟಪ್ ನೀತಿ ತಂದ ರಾಜ್ಯ ನಮ್ಮದು, ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನ ಕೊಡ್ತಾ ಬಂದಿದೆ.

ನನ್ನ ವಾದ ಬೇರೆ. ಈ ಊರನ್ನ ಕಟ್ಟಿದ್ದು ಅನುದಾನ ಅಲ್ಲ, ಪರ್ಚೇಸ್ ಆರ್ಡರ್ (ಪಿಒ). 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿ ಮಾಡೋ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಇವು ಸಣ್ಣ ಲೇತ್ ಅಂಗಡಿಗಳಿಗೆ ಡ್ರಾಯಿಂಗ್ ಕೊಟ್ಟು, ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆದರೆ ನಡೆಯುತ್ತೆ ಅಂತ) ಬರೆದು, ಮಾಲು ಅಳೆದು, ಸರಿಯಿಲ್ಲದ್ದನ್ನ ವಾಪಸ್ ಕಳಿಸಿ ಮತ್ತೆ ಮಾಡಿಸಿದವು. ಪೀಣ್ಯಕ್ಕೆ ಕೈಪಳಗಿದ್ದು ಹಾಗೆ. ಆಮೇಲೆ 1978ರಲ್ಲಿ ರಾಜ್ಯದ ನಿಗಮ ಕಿಯೋನಿಕ್ಸ್‌ನಿಂದ ಎಲೆಕ್ಟ್ರಾನಿಕ್ ಸಿಟಿ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಎರಡನೇ ಅಲೆಯಲ್ಲೂ ದುಡ್ಡು ಬಂದದ್ದು ಗಿರಾಕಿಯಿಂದ. ಗಿರಾಕಿ ಅಮೆರಿಕದಲ್ಲಿದ್ದ, ಅಷ್ಟೇ ವ್ಯತ್ಯಾಸ.

ಈಗ ಊರಲ್ಲಿ ಹೊಸ ಕಂಪನಿ ಸಾಕೋ ಇನ್‌ಕ್ಯುಬೇಟರ್‌ಗೆ ಬರವಿಲ್ಲ, ಹೂಡಿಕೆದಾರರ ಮುಂದೆ ಸರಕು ತೋರಿಸೋ ಡೆಮೊ ಡೇಗೂ ಬರವಿಲ್ಲ. ಆದರೆ ಇಲ್ಲೇ ತಯಾರಾದ ಹೊಸ ಸರಕನ್ನ ಇಲ್ಲಿನ ದೊಡ್ಡ ಕಂಪನಿಯೋ ಇಲಾಖೆಯೋ ದುಡ್ಡು ಕೊಟ್ಟು ಕೊಳ್ಳೋದು, ಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ದುಡ್ಡು ಕೊಡೋದು, ಇವೆರಡೂ ದುರ್ಬಲ. ಕೆಲಸ ಗೊತ್ತಿರೋರು ಬರೀರಿ. ಸ್ವಂತ ಹೋರಾಟದ ಕಥೆ ಬೇಡ. ಯಾವ ನಿಯಮ, ಎಷ್ಟು ದಿನ, ಎಷ್ಟು ದುಡ್ಡು, ಎಲ್ಲಿ ಸಿಕ್ಕಿಕೊಳ್ಳುತ್ತೆ, ಅಷ್ಟು ಸಾಕು.

ಟೆಂಡರ್ ಓದುಗ

ಸರ್ಕಾರಿ ಖರೀದಿಯಿಂದ ಶುರು ಮಾಡ್ತೀನಿ. ಕಾಗದದ ಮೇಲೆ ಬಾಗಿಲು ತೆರೆದೇ ಇದೆ. ಕೇಂದ್ರದ ಹಣಕಾಸು ನಿಯಮಾವಳಿ ಜಿಎಫ್‌ಆರ್ 2017ರ ನಿಯಮ 170ರಲ್ಲಿ ಡಿಪಿಐಐಟಿ (ಕೇಂದ್ರದ ಕೈಗಾರಿಕೆ ಉತ್ತೇಜನ ಇಲಾಖೆ) ಮಾನ್ಯತೆ ಇರೋ ಸ್ಟಾರ್ಟಪ್‌ಗೆ ಇಎಂಡಿ (ಬಿಡ್ ಜೊತೆ ಇಡೋ ಠೇವಣಿ) ವಿನಾಯಿತಿ ಇದೆ. ಹಿಂದಿನ ವಹಿವಾಟು ಮತ್ತು ಅನುಭವದ ಷರತ್ತನ್ನ ಸಡಿಲಿಸೋಕೆ ನಿಯಮ 173ರಲ್ಲಿ ಅವಕಾಶ ಇದೆ, ಗುಣಮಟ್ಟ ಮತ್ತು ತಾಂತ್ರಿಕ ವಿವರಣೆ ಮಾತ್ರ ಹೊಂದಬೇಕು.

ಸಿಕ್ಕು ಇರೋದು "ಸಡಿಲಿಸಬಹುದು" ಅನ್ನೋದರಲ್ಲಿ. ಸಡಿಲಿಸಲೇಬೇಕು ಅಂತಿಲ್ಲ. ಟೆಂಡರ್ ದಸ್ತಾವೇಜಿನಲ್ಲಿ ಆ ಸಾಲು ಇಲ್ಲದಿದ್ದರೆ ತಾಂತ್ರಿಕ ಸಮಿತಿ ನಿಮ್ಮನ್ನ ಮೊದಲ ಲಕೋಟೆಯಲ್ಲೇ ಹೊರಗಿಡುತ್ತೆ, ತಪ್ಪೂ ಅಲ್ಲ. ಮಾಮೂಲಿ ಷರತ್ತು ಹೇಗಿರುತ್ತೆ ನೋಡಿ: ಇಂಥದೇ ಕೆಲಸ ಅಂದಾಜು ಮೊತ್ತದ ಶೇ 80ರಷ್ಟು ಒಂದು, ಅಥವಾ ಶೇ 50ರಷ್ಟು ಎರಡು, ಅಥವಾ ಶೇ 40ರಷ್ಟು ಮೂರು ಮಾಡಿರಬೇಕು. ಹೊಸ ಬಗೆಯ ಉತ್ಪನ್ನ ಅಂದ ಮೇಲೆ "ಇಂಥದೇ ಕೆಲಸ" ಯಾರ ಹತ್ರವೂ ಇರಲ್ಲ. ಅದಕ್ಕೇ ಪ್ರೀ-ಬಿಡ್ ಸಭೆಗೆ ಹೋಗೋದನ್ನ ತಪ್ಪಿಸಬೇಡಿ. ಬಾಯಲ್ಲಿ ಕೇಳಿ ಬಂದರೆ ಪ್ರಯೋಜನವಿಲ್ಲ. ಷರತ್ತಿನ ಸಂಖ್ಯೆ ಹಾಕಿ, ನಿಯಮ 173 ಉಲ್ಲೇಖಿಸಿ, ಕೊನೆ ದಿನಾಂಕದೊಳಗೆ ಲಿಖಿತವಾಗಿ ಕೊಡಿ. ಉತ್ತರ ತಿದ್ದೋಲೆಯಾಗಿ ಪ್ರಕಟವಾದರೆ ಮಾತ್ರ ಅದಕ್ಕೆ ಬೆಲೆ.

ಎರಡನೇದು, ಇಎಂಡಿಗೆ ವಿನಾಯಿತಿ ಇದ್ದರೂ ಕೆಲಸ ಮುಗಿಸಿಕೊಡ್ತೀವಿ ಅನ್ನೋದಕ್ಕೆ ಇಡೋ ಪರ್ಫಾರ್ಮೆನ್ಸ್ ಸೆಕ್ಯುರಿಟಿಗೆ ಇಲ್ಲ. ಆರ್ಡರ್ ಮೊತ್ತದ ಶೇ 3ರಿಂದ 5. 60 ಲಕ್ಷದ ಆರ್ಡರ್‌ಗೆ ಶೇ 5 ಅಂದರೆ 3 ಲಕ್ಷದ ಬ್ಯಾಂಕ್ ಗ್ಯಾರಂಟಿ. ಹೊಸ ಕಂಪನಿಗೆ ಬ್ಯಾಂಕು ಸಾಮಾನ್ಯವಾಗಿ ಪೂರ್ತಿ ಮೊತ್ತದ ಎಫ್‌ಡಿ ಕೇಳುತ್ತೆ. ವಾರಂಟಿ ಮುಗಿದು 60 ದಿನ ಆಗೋವರೆಗೂ ಆ ಗ್ಯಾರಂಟಿ ಜೀವಂತ ಇರಬೇಕು. ಮೂರು ವರ್ಷದ ವಾರಂಟಿ ಒಪ್ಪಿಕೊಂಡಿದ್ದರೆ ಆ 3 ಲಕ್ಷವನ್ನ ಅಷ್ಟು ಕಾಲ ಮರೆತುಬಿಡಿ. ಬೆಲೆ ಹಾಕುವಾಗ ಇದರ ಬಡ್ಡಿಯನ್ನ ಯಾರೂ ಸೇರಿಸಲ್ಲ.

ರಾಜ್ಯದ ಇಲಾಖೆ, ನಿಗಮಗಳ ಖರೀದಿಗೆ ಅನ್ವಯ ಆಗೋದು ಪಾರದರ್ಶಕತೆಯ ಕೆಟಿಪಿಪಿ ಕಾಯ್ದೆ 1999. ಟೆಂಡರ್ ಇಲ್ಲದೆ ಕೊಳ್ಳೋಕೆ 4(ಜಿ) ವಿನಾಯಿತಿ ಇದೆ, ಆದರೆ ಆ ಕಡತ ಆರ್ಥಿಕ ಇಲಾಖೆಗೆ ಹೋಗಿ ಬರಬೇಕು. ಅದನ್ನ ನಂಬಿಕೊಂಡು ವ್ಯಾಪಾರ ಯೋಜನೆ ಬರೆಯಬೇಡಿ. ದೊಡ್ಡ ಕೆಲಸವನ್ನ ಚೂರು ಚೂರು ಮಾಡಿ ಟೆಂಡರ್ ಮಿತಿಗಿಂತ ಕೆಳಗೆ ಇಳಿಸೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ನಕ್ಕು ಸುಮ್ಮನಾಗಿ. ಆಡಿಟ್‌ನಲ್ಲಿ ಮೊದಲು ಕಣ್ಣಿಗೆ ಬೀಳೋದೇ ಅದು, ಆಗ ನಿಮ್ಮ ಬಿಲ್ಲೂ ನಿಲ್ಲುತ್ತೆ.

ಮಲ್ಲೇಶ್ವರಂ 8ನೇ ಕ್ರಾಸ್

ಉಚಿತ ಪೈಲಟ್ (ಖರೀದಿಗೆ ಮುಂಚಿನ ಪ್ರಾಯೋಗಿಕ ಬಳಕೆ) ಬಗ್ಗೆ ಏನಂತೀರಿ? ಎಲ್ಲ ಇಲಾಖೆಯೂ ಮೊದಲು ಅದನ್ನೇ ಕೇಳುತ್ತೆ.

ಟೆಂಡರ್ ಓದುಗ

ಉಚಿತ ಪೈಲಟ್‌ನ ಹಣೆಬರಹ ಬಹುಪಾಲು ಒಂದೇ ಥರ. ಒಬ್ಬ ಉತ್ಸಾಹಿ ಅಧಿಕಾರಿ ಒಪ್ಪುತ್ತಾರೆ, ಉಪಕರಣ ಹಾಕ್ತೀರಿ, ಅವರಿಗೆ ವರ್ಗ ಆಗುತ್ತೆ. ಹೊಸಬರಿಗೆ ಅದು ಯಾರದ್ದೋ ಕೂಸು. ವರ್ಗ ಆಗದೆ ಪೈಲಟ್ ಗೆದ್ದರೂ ಖರೀದಿಗೆ ಟೆಂಡರ್ ಕರೀಲೇಬೇಕು. ನಿಮ್ಮ ಪೈಲಟ್‌ನಿಂದಲೇ ತಾಂತ್ರಿಕ ವಿವರಣೆ ಬರೆದು, ಎಲ್-1 (ಅತಿ ಕಮ್ಮಿ ಬೆಲೆ ಹಾಕಿದವರಿಗೇ ಆರ್ಡರ್) ಲೆಕ್ಕದಲ್ಲಿ ಬೇರೆಯವರು ಶೇ 10 ಕಮ್ಮಿ ಹಾಕಿ ಎತ್ತಿಕೊಂಡು ಹೋಗ್ತಾರೆ.

ಪೈಲಟ್ ಮಾಡಲೇಬೇಕು ಅಂದರೆ ಉಪಕರಣ ಹಾಕೋಕೆ ಮುಂಚೆ ಕಾಗದದಲ್ಲಿ ಇಷ್ಟಿರಲಿ. ಎಷ್ಟು ಜಾಗ, ಎಷ್ಟು ವಾರ. ಅಳತೆ ಏನು, ಉದಾಹರಣೆಗೆ "50 ನೀರಿನ ಮೀಟರ್, 8 ವಾರ, ದಿನಕ್ಕೆ 24 ರೀಡಿಂಗ್‌ನಲ್ಲಿ ಶೇ 95 ಬಂದಿರಬೇಕು". ಡೇಟಾ ಯಾರದ್ದು. ಫಲಿತಾಂಶದ ವರದಿಗೆ ಸಹಿ ಹಾಕೋದು ಸಮಿತಿ, ಒಬ್ಬ ಅಧಿಕಾರಿ ಅಲ್ಲ. ಮುಂದಿನ ವರ್ಷದ ಬಜೆಟ್‌ನಲ್ಲಿ ಯಾವ ಲೆಕ್ಕ ಶೀರ್ಷಿಕೆಯಡಿ ಇದಕ್ಕೆ ದುಡ್ಡು ಅನ್ನೋದೂ ಬೇಕು. ಕೊನೆಯದು ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ಇದ್ದೂ ಇಲ್ಲದಂಗೆ. ಖರೀದಿ ಹಂತದಲ್ಲಿ ಬರೀ ಎಲ್-1 ಬದಲು ಗುಣಮಟ್ಟಕ್ಕೂ ಅಂಕ ಕೊಡೋ ಕ್ಯುಸಿಬಿಎಸ್ ಪದ್ಧತಿ ಬಳಸಬಹುದಾ ಅಂತಲೂ ಆಗಲೇ ಕೇಳಿ. ಆಮೇಲೆ ಕೇಳಿದರೆ ಪಕ್ಷಪಾತ ಅಂತಾರೆ.

ಕೋರಮಂಗಲ 80 ಅಡಿ ರಸ್ತೆ

ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಸಾಫ್ಟ್‌ವೇರ್ ಮಾಡೋರಿಗೆ ವಿಧಾನಸೌಧದ ಸುತ್ತ ಸುತ್ತೋ ಅಗತ್ಯವೇ ಇಲ್ಲ. ಗಿರಾಕಿ ಖಾಸಗಿಯವನು, ಹಲವು ಸಲ ಹೊರದೇಶದವನು. 2010ರಲ್ಲಿ ಶುರುವಾದ ಝೆರೋಧಾ ಹೊರಗಿನ ಹೂಡಿಕೆ ಇಲ್ಲದೆ ಗಿರಾಕಿ ದುಡ್ಡಲ್ಲೇ ಬೆಳೀತು. ಎಲ್ಲಾದಕ್ಕೂ ಸರ್ಕಾರದ ಮುಖ ನೋಡೋ ಚಾಳಿ ನಮಗೆ ಜಾಸ್ತಿ ಆಯ್ತು.

ಆದರೆ ಪೈಲಟ್ ರೋಗ ಖಾಸಗಿಯಲ್ಲೂ ಇದೆ. ಇಲ್ಲಿನ ದೊಡ್ಡ ಕಂಪನಿಗಳ 'ಇನೊವೇಶನ್ ತಂಡ'ಕ್ಕೆ ಪೈಲಟ್ ಮಾಡೋಕೆ ಅಧಿಕಾರ ಇರುತ್ತೆ, ಕೊಳ್ಳೋಕೆ ಇರಲ್ಲ. ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆ: ಇದು ಕೆಲಸ ಮಾಡಿದರೆ ಪಿಒಗೆ ಸಹಿ ಹಾಕೋದು ಯಾರು, ಅವರು ಈ ಮೀಟಿಂಗ್‌ನಲ್ಲಿ ಇದ್ದಾರಾ? ಪೈಲಟ್ ಬೆಲೆ ವಾರ್ಷಿಕ ಒಪ್ಪಂದದ ಶೇ 10ರಿಂದ 20 ಇಡಿ, ಖರೀದಿಸಿದರೆ ಅದನ್ನ ಮೊದಲ ಬಿಲ್‌ನಲ್ಲಿ ಕಳೆಯೋಣ ಅನ್ನಿ. ಅವಧಿ ಆರರಿಂದ ಎಂಟು ವಾರ. ಅಳತೆ ಒಂದೇ, ಮೂರು ಬೇಡ. ಮೂರಿದ್ದರೆ ಯಾವುದೋ ಒಂದು ಸೋತೇ ಸೋಲುತ್ತೆ, ಮಾತುಕತೆ ಮತ್ತೆ ಮೊದಲಿಂದ.

ದುಡ್ಡು ಕೇಳಿದ ತಕ್ಷಣ ಮೌನ ಆವರಿಸಿದರೆ ಬೇಜಾರಾಗಬೇಡಿ. ಎರಡು ತಿಂಗಳು ಉಳೀತು.

ವೆಂಡರ್ ನೋಂದಣಿಗೂ ಸಮಯ ಹಾಕಿಕೊಳ್ಳಿ. ಭದ್ರತಾ ಪ್ರಶ್ನಾವಳಿ, ಮಾಹಿತಿ ಭದ್ರತೆಯ ಐಎಸ್‌ಒ 27001 ಅಥವಾ ಎಸ್‌ಒಸಿ 2 ವರದಿ, ಮೂರು ವರ್ಷದ ಆಡಿಟ್ ಆದ ಬ್ಯಾಲೆನ್ಸ್ ಶೀಟ್. ಒಂದು ವರ್ಷದ ಕಂಪನಿಗೆ ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಎಲ್ಲಿಂದ ಬರಬೇಕು ಅಂತ ಆ ಫಾರ್ಮ್ ಬರೆದೋರು ಯೋಚಿಸಿರಲ್ಲ. ವ್ಯವಹಾರ ತಂಡದಿಂದ 'ವಿನಾಯಿತಿ ಟಿಪ್ಪಣಿ' ಬರೆಸಿಕೊಳ್ಳಿ, ಅದಕ್ಕೊಂದು ದಾರಿ ಎಲ್ಲ ಕಂಪನಿಯಲ್ಲೂ ಇರುತ್ತೆ. ಬಜೆಟ್ ಕೂರೋದು ಜನವರಿಯಿಂದ ಮಾರ್ಚ್. ಪೈಲಟ್ ಫಲಿತಾಂಶ ಡಿಸೆಂಬರ್ ಒಳಗೆ ಕೈಯಲ್ಲಿದ್ದರೆ ಆ ಬಜೆಟ್‌ಗೆ ಸೇರುತ್ತೆ. ಮೇನಲ್ಲಿ ಬಂದರೆ ಒಂದು ವರ್ಷ ಹೋಯ್ತು.

ಪೀಣ್ಯ 2ನೇ ಹಂತ

80 ಅಡಿ ರಸ್ತೆಯವರಿಗೆ ಸರಕು ಅಂದರೆ ಸರ್ವರ್‌ನಲ್ಲಿರೋದು. ನಮ್ಮ ಕಡೆ ಸರಕು ಕಬ್ಬಿಣ, ಪ್ಲಾಸ್ಟಿಕ್, ಬೋರ್ಡು. ಹಾರ್ಡ್‌ವೇರ್ ಕಂಪನಿ ಸಾಯೋದು ಆರ್ಡರ್ ಬಂದಮೇಲೆ. ತಿಂಗಳಿಗೆ 10 ಲಕ್ಷದ ಮಾಲು ಕಳಿಸೋ ಒಂದು ಕಂಪನಿ ಇಟ್ಟುಕೊಳ್ಳಿ. ಸಾಮಾನಿಗೆ 5 ಲಕ್ಷ, ಕೂಲಿ-ಜೋಡಣೆಗೆ 2 ಲಕ್ಷ. ಬಿಡಿಭಾಗಕ್ಕೆ ಮುಂಗಡ ಕೊಟ್ಟ 45 ದಿನಕ್ಕೆ ಮಾಲು ಬರುತ್ತೆ, ತಯಾರಿಕೆ 30 ದಿನ, ಗಿರಾಕಿ ದುಡ್ಡು ಕೊಡೋದು 90 ದಿನಕ್ಕೆ. ಸಾಮಾನಿನ ದುಡ್ಡು 165 ದಿನ, ಅಂದರೆ ಐದೂವರೆ ತಿಂಗಳು ಹೊರಗೆ: 27.5 ಲಕ್ಷ. ಕೂಲಿ ಸರಾಸರಿ ಮೂರೂವರೆ ತಿಂಗಳು ಹೊರಗೆ: 7 ಲಕ್ಷ. ಇದರ ಮೇಲೆ ಶೇ 18 ಜಿಎಸ್‌ಟಿ. ಕೊಳ್ಳುವಾಗ 90 ಸಾವಿರ ಕೊಟ್ಟಿರ್ತೀರಿ. ಮಾರಿದ ಮುಂದಿನ ತಿಂಗಳ 20ಕ್ಕೆ, ಗಿರಾಕಿ ಒಂದು ಪೈಸೆ ಕೊಡದಿದ್ದರೂ, ಇನ್ನೊಂದು 90 ಸಾವಿರ ಕಟ್ಟಬೇಕು. ಅದರದ್ದು ಆರು ಲಕ್ಷದ ಮೇಲೆ ಸಿಕ್ಕಿಕೊಳ್ಳುತ್ತೆ. ಒಟ್ಟು 41 ಲಕ್ಷದ ಹತ್ತಿರ. ತಿಂಗಳಿಗೆ 10 ಲಕ್ಷ ವ್ಯಾಪಾರಕ್ಕೆ 41 ಲಕ್ಷ ಹೂತಿಟ್ಟಿರಬೇಕು. ವ್ಯಾಪಾರ ದುಪ್ಪಟ್ಟಾದರೆ ಇದೂ ದುಪ್ಪಟ್ಟು. ಲಾಭದಲ್ಲಿರೋ ಕಂಪನಿ ಸಂಬಳಕ್ಕೆ ತಡಕಾಡೋದು ಇದಕ್ಕೇ.

ಇಕ್ವಿಟಿ ಮಾರಿ ತಂದ ದುಡ್ಡನ್ನ ಇದಕ್ಕೆ ಸುರಿಯೋದು ಅತಿ ದುಬಾರಿ ದಾರಿ. ಗಾಂಧಿಬಜಾರ್‌ನವರು ಬರೀತಾರೆ ಅಂದುಕೊಂಡಿದ್ದೀನಿ.

ಇನ್ನು ತಯಾರಿಕೆ. ಪ್ರೊಟೊಟೈಪ್‌ಗೆ ಬೆಂಗಳೂರಿನಂಥ ಊರಿಲ್ಲ. ಬೆಳಗ್ಗೆ ಎಸ್‌ಪಿ ರೋಡ್‌ನಲ್ಲಿ ಬಿಡಿಭಾಗ, ಮಧ್ಯಾಹ್ನ ಪೀಣ್ಯದಲ್ಲಿ ಸಿಎನ್‌ಸಿ, ಸಂಜೆ ಜೋಡಣೆ. ಜಾರೋದು 5ರಿಂದ 500ಕ್ಕೆ ಹೋಗುವಾಗ. 3ಡಿ ಪ್ರಿಂಟ್ ಮಾಡಿದ ಡಬ್ಬಿಗೆ ಡ್ರಾಫ್ಟ್ ಬೇಕಿಲ್ಲ, ಅಚ್ಚಿಗೆ ಬೇಕು: ಗೋಡೆಗೆ ಕನಿಷ್ಠ 1ರಿಂದ 1.5 ಡಿಗ್ರಿ ಇಳಿಜಾರು. ಇಲ್ಲದಿದ್ದರೆ ಅಚ್ಚಿನಿಂದ ಬಿಡಿಸುವಾಗ ಉಜ್ಜಿ ಗೀರು ಬೀಳುತ್ತೆ. ಎಬಿಎಸ್ ಪ್ಲಾಸ್ಟಿಕ್ ಗೋಡೆ 2ರಿಂದ 2.5 ಮಿಲಿಮೀಟರ್ ಇದ್ದರೆ ಒಳಗಿನ ರಿಬ್ (ಆಸರೆ ಪಟ್ಟಿ) ದಪ್ಪ ಅದರ ಶೇ 60 ದಾಟಬಾರದು. ಗಟ್ಟಿ ಇರಲಿ ಅಂತ 2.5ಕ್ಕೆ 2.5 ರಿಬ್ ಕೊಡ್ತಾರೆ. ಅಲ್ಲಿ ಪ್ಲಾಸ್ಟಿಕ್ ನಿಧಾನ ತಣಿದು ಕುಗ್ಗುತ್ತೆ, ಹೊರಮೈಯಲ್ಲಿ ಸರಿಯಾಗಿ ರಿಬ್‌ನ ಗೆರೆಯುದ್ದಕ್ಕೂ ಗುಳಿ. ಲೋಗೋ ಅಲ್ಲೇ ಇದ್ದರೆ ಇನ್ನೂ ಚೆಂದ! ಅಚ್ಚನ್ನ ಕೊರೆದ ಮೇಲೆ ಲೋಹ ಕಡಿಮೆ ಮಾಡೋದು ಸುಲಭ, ಸೇರಿಸೋಕೆ ಬೆಸುಗೆ ಹಾಕಬೇಕು. ಅದಕ್ಕೇ ಅನುಮಾನ ಇರೋ ಅಳತೆಯನ್ನ ಅಚ್ಚಿನಲ್ಲಿ ಲೋಹ ಉಳಿಯೋ ಕಡೆಗೆ ಬಿಟ್ಟಿರಿ. ಮೊದಲ ಎರಡು ಸಾವಿರಕ್ಕೆ ಅಲ್ಯುಮಿನಿಯಂ ಅಚ್ಚು ಸಾಕು, ಪಿ20 ಉಕ್ಕಿಗೆ ಆಮೇಲೆ ಹೋಗಿ.

ಎಸ್‌ಪಿ ರೋಡ್‌ನ ಐಸಿ (ಚಿಪ್) ಪ್ರೊಟೊಟೈಪ್‌ಗೆ ಸರಿ. ಮಾರೋ ಬೋರ್ಡಿಗೆ ಅಧಿಕೃತ ವಿತರಕರಿಂದಲೇ, ಲಾಟ್ ಸಂಖ್ಯೆ ಬರೆದಿಟ್ಟುಕೊಂಡು ಕೊಳ್ಳಿ.

ಪ್ರಮಾಣಪತ್ರದಲ್ಲಿ ಎಲ್ಲರೂ ಎಡವೋ ಕಲ್ಲು ಒಂದಿದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಕಡ್ಡಾಯ ನೋಂದಣಿ ಕೊಡೋದು ಕಾರ್ಖಾನೆಗೆ, ಆ ಬ್ರಾಂಡ್‌ಗೆ. ಜಿಗಣಿಯ ಗುತ್ತಿಗೆ ತಯಾರಕರಿಂದ ಬೊಮ್ಮಸಂದ್ರದವರಿಗೆ ಕೆಲಸ ಬದಲಿಸಿದರೆ ನೋಂದಣಿ ಹೊಸದಾಗಿ ಆಗಬೇಕು. ಪರೀಕ್ಷಾ ವರದಿ ಅರ್ಜಿ ಹಾಕೋ ದಿನಕ್ಕೆ 90 ದಿನಕ್ಕಿಂತ ಹಳೇದಿರಬಾರದು. ವೈಫೈ, ಬ್ಲೂಟೂತ್ ಇದ್ದರೆ ಡಬ್ಲ್ಯುಪಿಸಿ ಇಟಿಎ (ದೂರಸಂಪರ್ಕ ಇಲಾಖೆ ಕೊಡೋ ರೇಡಿಯೊ ಉಪಕರಣದ ಒಪ್ಪಿಗೆ) ಬೇರೆ, ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ವಿದ್ಯುತ್ ಅಡಾಪ್ಟರ್ ಸ್ವಂತ ವಿನ್ಯಾಸ ಮಾಡೋ ಆಸೆ ಬಿಡಿ, ನೋಂದಣಿ ಇರೋದನ್ನೇ ಕೊಂಡು ಜೊತೆಗೆ ಕೊಡಿ.

ಗಾಂಧಿಬಜಾರ್ ಲೆಕ್ಕ

ಪೀಣ್ಯದವರ 90 ದಿನದ ಬಗ್ಗೆ. ಎಂಎಸ್‌ಎಂಇಡಿ ಕಾಯ್ದೆ 2006ರ ಕಲಂ 15ರ ಪ್ರಕಾರ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ದುಡ್ಡು ಕೊಡೋ ಗಡುವು ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನ ದಾಟೋ ಹಾಗಿಲ್ಲ. ಪಿಒದಲ್ಲಿ "90 ದಿನ" ಅಂತ ಅಚ್ಚಾಗಿದ್ದರೂ 45ರ ಮಿತಿ ಬಿಡಲ್ಲ. ದಾಟಿದರೆ ಕಲಂ 16: ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ.

ದಿನ ಎಣಿಸೋದು ಯಾವಾಗಿಂದ ಅನ್ನೋದೇ ಜಗಳ. ಕೊಳ್ಳೋರು ಜಿಆರ್‌ಎನ್ (ಮಾಲು ಬಂದ ದಾಖಲೆ) ತಡ ಮಾಡ್ತಾರೆ: ಮಾಲು 3ನೇ ತಾರೀಕು ಗೇಟಿಗೆ ಬಂದಿರುತ್ತೆ, ಸಿಸ್ಟಮ್‌ನಲ್ಲಿ 28ಕ್ಕೆ ಹತ್ತುತ್ತೆ, ಗಡಿಯಾರ 28ರಿಂದ ಅಂತಾರೆ. ಕಾಯ್ದೆ ಹಾಗೆ ಹೇಳಲ್ಲ. ಮಾಲು ತಲುಪಿ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ತಲುಪಿದ ದಿನವೇ ಸ್ವೀಕಾರದ ದಿನ. ಹಾಗಾಗಿ ಡೆಲಿವರಿ ಚಲನ್‌ನ ನಿಮ್ಮ ಪ್ರತಿಯ ಮೇಲೆ ಗೇಟಿನ ಸೀಲು, ದಿನಾಂಕ, ಗೇಟ್ ಎಂಟ್ರಿ ಸಂಖ್ಯೆ ಹಾಕಿಸಿಕೊಳ್ಳದೆ ಗಾಡಿ ಹೊರಡಬಾರದು. ಆ ಚೀಟಿ ಇಲ್ಲದೆ ಆಮೇಲೆ ಮಾಡೋ ವಾದಕ್ಕೆಲ್ಲ ಕಾಲಿಲ್ಲ.

ಇದೇ ಕಾಯ್ದೆಯಡಿ ಬಾಕಿ ವ್ಯಾಜ್ಯ ನೋಡೋ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗಬಹುದು. ಕಾಯ್ದೆ 90 ದಿನದಲ್ಲಿ ತೀರ್ಮಾನ ಅನ್ನುತ್ತೆ, ವಾಸ್ತವದಲ್ಲಿ ಎಳೆಯುತ್ತೆ. ನಿಮ್ಮ ಪರ ಆದರೆ, ಮೇಲ್ಮನವಿ ಹೋಗೋ ಖರೀದಿದಾರ ಮೊದಲು ಶೇ 75 ಠೇವಣಿ ಇಡಬೇಕು. ಅಸ್ತ್ರ ಬಲವಾದದ್ದೇ, ಆದರೆ ಬಿಟ್ಟ ಮೇಲೆ ಆ ಗಿರಾಕಿ ಹೋದ ಅಂತಲೇ ತಿಳಿಯಿರಿ.

ಅದಕ್ಕಿಂತ ಮೆತ್ತಗಿನದು 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್). 2024ರ ಏಪ್ರಿಲ್ 1ರಿಂದ ಆರಂಭವಾದ ತೆರಿಗೆ ನಿರ್ಧಾರಣಾ ವರ್ಷದಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕಾಯ್ದೆಯ ಗಡುವಿನೊಳಗೆ ಕೊಡದ ಬಾಕಿಯನ್ನ ಖರೀದಿದಾರ ಆ ವರ್ಷದ ಖರ್ಚಾಗಿ ತೋರಿಸೋಕಾಗಲ್ಲ, ನಿಜವಾಗಿ ಕೊಟ್ಟ ವರ್ಷವೇ ತೋರಿಸಬೇಕು. ಹಾಗಾಗಿ ಫೆಬ್ರವರಿ ಕೊನೆಯಲ್ಲಿ ಅವರ ಅಕೌಂಟ್ಸ್ ವಿಭಾಗಕ್ಕೆ ಬಾಕಿ ಪಟ್ಟಿ, ಉದ್ಯಮ್ (ಸಣ್ಣ ಉದ್ಯಮದ ನೋಂದಣಿ) ಪ್ರಮಾಣಪತ್ರ ಲಗತ್ತಿಸಿ ಒಂದು ಸಭ್ಯ ಮೇಲ್ ಕಳಿಸಿ. ಖರೀದಿ ವಿಭಾಗಕ್ಕೆ ಅಲ್ಲ, ತೆರಿಗೆ ನೋಡೋರಿಗೆ. ಮಧ್ಯಮ ಉದ್ಯಮಕ್ಕೂ ಬರೀ ವ್ಯಾಪಾರಿಗೂ ಇದು ಅನ್ವಯ ಇಲ್ಲ.

ಸಿಕ್ಕಿಕೊಂಡ ಬಂಡವಾಳ ಬಿಡಿಸಿಕೊಳ್ಳೋಕೆ ಟ್ರೆಡ್ಸ್ ಅನ್ನೋ ಆನ್‌ಲೈನ್ ವೇದಿಕೆ. ಬಿಲ್ ಹಾಕ್ತೀರಿ, ಖರೀದಿದಾರ ಒಪ್ತಾನೆ, ಬ್ಯಾಂಕುಗಳು ರಿಯಾಯಿತಿ ದರ ಕೂಗ್ತವೆ, ಕಮ್ಮಿ ದರದವರನ್ನ ಆರಿಸಿದ ಮರುದಿನ ದುಡ್ಡು. ಖರೀದಿದಾರ ಕೈಕೊಟ್ಟರೂ ನಿಮ್ಮ ಮೇಲೆ ಬರಲ್ಲ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು 2025ರ ಮಾರ್ಚ್ ಒಳಗೆ ಇದರಲ್ಲಿ ನೋಂದಾಯಿಸಬೇಕಿತ್ತು. ಆದರೆ ನೋಂದಾಯಿಸೋದು ಕಡ್ಡಾಯ, ನಿಮ್ಮ ಬಿಲ್ ಒಪ್ಪೋದು ಅಲ್ಲ. ಅದಕ್ಕೇ ಪಿಒ ಮಾತುಕತೆಯಲ್ಲೇ "ಬಿಲ್ ಅನ್ನು 7 ದಿನದೊಳಗೆ ಟ್ರೆಡ್ಸ್‌ನಲ್ಲಿ ಸ್ವೀಕರಿಸತಕ್ಕದ್ದು" ಅನ್ನೋ ಸಾಲು ಹಾಕಿಸಿ. ಬೆಲೆಯಲ್ಲಿ ಶೇ 1 ಬಿಟ್ಟುಕೊಟ್ಟಾದರೂ ಹಾಕಿಸಿ.

ಕೋರಮಂಗಲ 80 ಅಡಿ ರಸ್ತೆ

ಈ ಕೊನೇ ಸಾಲಿಗೆ ಒಂದು ಡೆಮೊ ಡೇಗಿಂತ ಹೆಚ್ಚು ಬೆಲೆ ಇದೆ. ಒಪ್ಪಿದೆ.

ಜಯನಗರ ಸಿಎಸ್

ಹೂಡಿಕೆ ದುಡ್ಡು ಸುಲಭ ಅಂತ ಎಲ್ಲರೂ ಮಾತಾಡ್ತಿದ್ದೀರಿ. ಬರೋದು ಸುಲಭ, ತಗೊಳ್ಳೋದರಲ್ಲಿ ಎಡವೋರು ತುಂಬಾ. ಏಂಜೆಲ್ ತೆರಿಗೆ 2024ರ ಬಜೆಟ್‌ನಲ್ಲಿ ಹೋಯ್ತು, ಅದರ ಭಯ ಬಿಡಿ. ಆಯ್ದ ಕೆಲವರಿಗೆ ಷೇರು ಮಾರೋದರ ಬಗ್ಗೆ ಇರೋ ಕಂಪನಿ ಕಾಯ್ದೆಯ ಕಲಂ 42 ಎಲ್ಲೂ ಹೋಗಿಲ್ಲ.

ಕ್ರಮ ಇದು: ನೋಂದಾಯಿತ ಮೌಲ್ಯಮಾಪಕರ ವರದಿ, ವಿಶೇಷ ನಿರ್ಣಯ, ಹೆಸರು ಹಾಕಿ ಕ್ರಮಸಂಖ್ಯೆ ಕೊಟ್ಟ ಪಿಎಎಸ್-4 ಪ್ರಸ್ತಾವ ಪತ್ರ, ಪ್ರತ್ಯೇಕ ಬ್ಯಾಂಕ್ ಖಾತೆಗೆ ದುಡ್ಡು, 60 ದಿನದೊಳಗೆ ಷೇರು ಹಂಚಿಕೆ, ಹಂಚಿದ 15 ದಿನದೊಳಗೆ ಹಂಚಿಕೆ ವಿವರದ ನಮೂನೆ ಪಿಎಎಸ್-3. ಪಿಎಎಸ್-3 ಸಲ್ಲಿಕೆ ಆಗೋವರೆಗೆ ಆ ದುಡ್ಡು ಮುಟ್ಟೋ ಹಾಗಿಲ್ಲ. ಸಂಬಳಕ್ಕೂ ಇಲ್ಲ. 60 ದಿನ ದಾಟಿದರೆ ಮುಂದಿನ 15 ದಿನದಲ್ಲಿ ವಾಪಸ್, ಅದೂ ತಪ್ಪಿದರೆ ಶೇ 12 ಬಡ್ಡಿ. ದಂಡ: ಎತ್ತಿದ ಮೊತ್ತ ಅಥವಾ 2 ಕೋಟಿ, ಯಾವುದು ಕಮ್ಮಿಯೋ ಅದರವರೆಗೆ.

ಮಾಮೂಲಿ ಎಡವಟ್ಟು: ಹೂಡಿಕೆದಾರ ಉತ್ಸಾಹದಲ್ಲಿ ಪಿಎಎಸ್-4 ಬರೋಕೆ ಮುಂಚೆಯೇ ಚಾಲ್ತಿ ಖಾತೆಗೆ ದುಡ್ಡು ಹಾಕಿಬಿಡ್ತಾನೆ, ಅದೂ ಹೆಂಡತಿ ಖಾತೆಯಿಂದ. ವಾಪಸ್ ಕಳಿಸಿ ಸರಿಯಾದ ಖಾತೆಯಿಂದ ಮತ್ತೆ ತರಿಸಿ. "ಆಮೇಲೆ ಸರಿಮಾಡೋಣ" ಅನ್ನೋದು ಮುಂದಿನ ಸುತ್ತಿನ ತಪಾಸಣೆಯಲ್ಲಿ ಎದ್ದು ಕೂರುತ್ತೆ.

ಬೆಂಗಳೂರಲ್ಲಿ ಪ್ರತಿ ಎರಡನೇ ಕಂಪನಿಗೂ ಅಮೆರಿಕದಲ್ಲೊಬ್ಬ ಭಾವಮೈದ ಇರ್ತಾನೆ. ಅವರು ವಾಪಸ್ ಒಯ್ಯೋ ಹಕ್ಕಿನ ಮೇಲೆ ಹೂಡಿದರೆ ವಿದೇಶಿ ಹೂಡಿಕೆ: ಹಂಚಿಕೆಯಾದ 30 ದಿನದೊಳಗೆ ರಿಸರ್ವ್ ಬ್ಯಾಂಕಿನ ಫರ್ಮ್ಸ್ ಪೋರ್ಟಲ್‌ನಲ್ಲಿ ಎಫ್‌ಸಿ-ಜಿಪಿಆರ್ ವರದಿ, ಅದಕ್ಕೆ ಬ್ಯಾಂಕಿನಿಂದ ಎಫ್‌ಐಆರ್‌ಸಿ (ವಿದೇಶದಿಂದ ದುಡ್ಡು ಬಂದ ಪ್ರಮಾಣಪತ್ರ) ಮತ್ತು ಕೆವೈಸಿ. ವಾಪಸ್ ಒಯ್ಯಲ್ಲ ಅನ್ನೋ ಆಧಾರದ ಮೇಲೆ ಹೂಡಿದರೆ ದೇಶೀಯ ಹೂಡಿಕೆ ಅಂತಲೇ ಲೆಕ್ಕ, ಎಫ್‌ಸಿ-ಜಿಪಿಆರ್ ಬೇಕಿಲ್ಲ. ಯಾವುದು ಅಂತ ದುಡ್ಡು ಬರೋಕೆ ಮುಂಚೆ ಕಾಗದದಲ್ಲಿ ತೀರ್ಮಾನ ಆಗಲಿ.

ಮೌಲ್ಯದ ಲೆಕ್ಕ ಒಂದು ಹೇಳಿ ಬಿಡ್ತೀನಿ. "8 ಕೋಟಿ ಪ್ರೀ-ಮನಿ (ಹೂಡಿಕೆಗೆ ಮುಂಚಿನ ಮೌಲ್ಯ), 2 ಕೋಟಿ ಹೂಡಿಕೆ" ಅಂದಾಗ ಸಂಸ್ಥಾಪಕರಿಗೆ ಶೇ 80 ಉಳಿಯುತ್ತೆ ಅಂದುಕೊಳ್ತಾರೆ. ಕೆಳಗಿನ ಸಾಲಲ್ಲಿ "ಹೂಡಿಕೆ ನಂತರದ ಷೇರಿನಲ್ಲಿ ಶೇ 10 ಇಸಾಪ್ ಪೂಲ್, ಪ್ರೀ-ಮನಿಯಲ್ಲಿ ಸೇರಿದಂತೆ" ಅಂತ ಇರುತ್ತೆ. ಇಸಾಪ್ ಪೂಲ್ ಅಂದರೆ ನೌಕರರಿಗೆ ಮೀಸಲಿಟ್ಟ ಷೇರು. ಉಳಿಯೋದು ಶೇ 70. ನಿಮ್ಮ ಪಾಲಿಗೆ ನಿಜವಾದ ಮೌಲ್ಯ 7 ಕೋಟಿ.

ಕೋರಮಂಗಲ 80 ಅಡಿ ರಸ್ತೆ

ಇಸಾಪ್ ಮಾತು ಬಂತು, ಬಿಡೋದು ಬೇಡ. ಊರಲ್ಲಿ ಹೊಸ ಕಂಪನಿ ಹುಟ್ಟೋಕೆ ಹಳೇ ಕಂಪನಿಯ ನೌಕರರ ಕೈಗೆ ದುಡ್ಡು ಬರಬೇಕು. 2018ರಲ್ಲಿ ವಾಲ್‌ಮಾರ್ಟ್ 16 ಬಿಲಿಯನ್ ಡಾಲರ್‌ಗೆ ಫ್ಲಿಪ್‌ಕಾರ್ಟ್‌ನ ಶೇ 77 ಕೊಂಡಾಗ ಆದದ್ದು ಅದೇ. ಆದರೆ ಬಹುಪಾಲು ಕಂಪನಿಗಳ ಇಸಾಪ್ ಪತ್ರ ಓದಿದರೆ ಬೇಸರ ಆಗುತ್ತೆ. 1,000 ಆಪ್ಷನ್ (ಷೇರು ಕೊಳ್ಳೋ ಹಕ್ಕು), ಷೇರಿಗೆ ಕಟ್ಟೋ ಎಕ್ಸರ್‌ಸೈಸ್ ಬೆಲೆ 10 ರೂಪಾಯಿ, ಆ ದಿನದ ನ್ಯಾಯಬೆಲೆ 800 ಅಂದುಕೊಳ್ಳಿ. ವ್ಯತ್ಯಾಸ 7.9 ಲಕ್ಷ ಸಂಬಳದ ಥರ ತೆರಿಗೆಗೆ ಬರುತ್ತೆ. ಸೆಸ್ ಸೇರಿ ಶೇ 31.2 ಆದರೆ 2,46,480 ರೂಪಾಯಿ, ಮಾರೋಕಾಗದ ಷೇರಿಗೆ ಕೈಯಿಂದ ಕಟ್ಟಬೇಕು. ಕೆಲಸ ಬಿಟ್ಟವರಿಗೆ ಸಾಮಾನ್ಯವಾಗಿ 90 ದಿನದ ಗಡುವು. ಕಟ್ಟೋಕಾಗದೆ ಬಿಟ್ಟುಹೋಗ್ತಾರೆ, ಆಪ್ಷನ್ ಪೂಲ್‌ಗೆ ವಾಪಸ್.

2020ರ ಬಜೆಟ್‌ನಲ್ಲಿ ತೆರಿಗೆ ಮುಂದೂಡೋ ಅವಕಾಶ ಬಂತು, ಆದರೆ ಅದು ಡಿಪಿಐಐಟಿ ಮಾನ್ಯತೆ ಇರೋ ಎಲ್ಲರಿಗೂ ಅಲ್ಲ. ಸ್ಟಾರ್ಟಪ್‌ಗೆ ಆದಾಯ ತೆರಿಗೆ ರಿಯಾಯಿತಿ ಕೊಡೋ ಕಲಂ 80-ಐಎಸಿಗೆ ಅಂತರ ಸಚಿವಾಲಯ ಮಂಡಳಿಯ ಪ್ರಮಾಣಪತ್ರ ಪಡೆದವರಿಗೆ ಮಾತ್ರ. ಈ ಎರಡನ್ನ ಒಂದೇ ಅಂದುಕೊಂಡು ನೌಕರರಿಗೆ ಮಾತು ಕೊಟ್ಟ ಎಚ್‌ಆರ್‌ಗಳಿದ್ದಾರೆ. ಕಂಪನಿ ಕೈಲಿ ಆಗೋದು: ಬಿಟ್ಟ ಮೇಲಿನ ಗಡುವನ್ನ 90 ದಿನದಿಂದ ಐದಾರು ವರ್ಷಕ್ಕೆ ಏರಿಸೋದು. ಯೋಜನೆಯ ನಿಯಮದಲ್ಲಿ ಬರೆದರೆ ಆಯ್ತು, ಖರ್ಚಿಲ್ಲ.

ಹುಬ್ಬಳ್ಳಿ–ಯಶವಂತಪುರ

ಆ 10,000 'ಬೆಂಗಳೂರಿನ ಹೊರಗ' ಅಂತ ಇಟ್ಟಾರಲ್ಲ, ಅದರ ಬಗ್ಗೆ ಯಾರೂ ಮಾತಾಡವಲ್ರಿ. ನಮ್ಮ ಕಡೆ ಬಾಡಿಗಿ ಕಡಿಮಿ, ಹುಡುಗರು ಕೆಲಸಾ ಬಿಟ್ಟು ಹೋಗೂದು ಕಡಿಮಿ. ಉಡುಪಿಯಾಗ ಕುಂತ ರೋಬೋಸಾಫ್ಟ್ 1996ರಿಂದ ಸಾಫ್ಟ್‌ವೇರ್ ಮಾಡಿ ತೋರ್ಸೇದ. ಆದ್ರ ಗಿರಾಕಿನ್ನ ಭೇಟಿ ಆಗಾಕ ಬೆಂಗಳೂರಿಗೇ ಬರಬೇಕು, ಹಾರ್ಡ್‌ವೇರ್ ಟೆಸ್ಟಿಂಗಿಗೂ ಬರಬೇಕು. ಪೀಣ್ಯದಾಗ ಕೇಂದ್ರ ಸರ್ಕಾರದ ಎಸ್‌ಟಿಕ್ಯುಸಿದ ಇಟಿಡಿಸಿ ಟೆಸ್ಟಿಂಗ್ ಲ್ಯಾಬ್ ಐತಿ. ಅಂಥಾ ಒಂದು ಲ್ಯಾಬ್ ಹುಬ್ಬಳ್ಳಿಯಾಗ ಆದ್ರ ಹತ್ತು ಕೋ-ವರ್ಕಿಂಗ್ ಕಟ್ಟಡಕ್ಕಿಂತ ಚಲೋ. ಗಾಜಿನ ಬಿಲ್ಡಿಂಗ್ ಕಟ್ಟಿ ರಿಬ್ಬನ್ ಕತ್ತರ್ಸೂದು ಸಾಕ್ರಿ.

ಟೆಂಡರ್ ಓದುಗ

ಹುಬ್ಬಳ್ಳಿಯವರ ಮಾತಿಗೆ ನನ್ನದೂ ಒಂದು ಸಹಿ.

ನೀತಿ ಬರೆಯೋರು ನೋಡಬೇಕಾದ ಜೋಡಿ ಉದಾಹರಣೆ ಇಸ್ರೇಲ್‌ನದ್ದು. 1992ರಲ್ಲಿ ಇನ್ಬಾಲ್ ಅಂತ ಯೋಜನೆ: ವೆಂಚರ್ ಫಂಡ್ ನಷ್ಟ ಆದರೆ ಶೇ 70ರವರೆಗೆ ಸರ್ಕಾರದ ಖಾತರಿ. ನಷ್ಟಕ್ಕೆ ಖಾತರಿ ಇದ್ದ ಮೇಲೆ ಚುರುಕಾಗಿ ದುಡಿಯೋ ಫಂಡ್ ಯಾಕೆ ಬರಬೇಕು? ಸೋತಿತು. ಮರುವರ್ಷ ಯೋಜ್ಮಾ: 10 ಕೋಟಿ ಡಾಲರ್, ಹತ್ತು ಫಂಡ್, ಸರ್ಕಾರದ್ದು ಶೇ 40ರವರೆಗೆ ಮಾತ್ರ, ವಿದೇಶಿ ಪಾಲುದಾರ ಇರಲೇಬೇಕು. ಐದು ವರ್ಷದೊಳಗೆ ಸರ್ಕಾರದ ಪಾಲನ್ನ ಹೆಚ್ಚುಕಮ್ಮಿ ಅಸಲು-ಬಡ್ಡಿಗೆ ಕೊಂಡುಕೊಳ್ಳೋ ಹಕ್ಕು ಫಂಡ್‌ಗೆ. ನಷ್ಟಕ್ಕೆ ಕಾವಲಿಲ್ಲ, ಲಾಭ ಮಾತ್ರ ಹಿಗ್ಗುತ್ತೆ. ಅದು ಹಿಡೀತು, ದಶಕ ಮುಗಿಯೋದರೊಳಗೆ ಸರ್ಕಾರ ಹೊರಗೆ ಬಂತು. ಚಿಲಿಯವರು 2010ರಲ್ಲಿ ಪಾಲು ಕೇಳದೆ 40,000 ಡಾಲರ್, ಒಂದು ವರ್ಷದ ವೀಸಾ ಕೊಟ್ಟು ಜಗತ್ತನ್ನ ಕರೆದರು. ಜನ ಬಂದರು, ಅವಧಿ ಮುಗಿದ ಮೇಲೆ ತುಂಬಾ ಜನ ಗಂಟುಮೂಟೆ ಕಟ್ಟಿದರು.

ನಮ್ಮಲ್ಲೇ ಕೆಲಸ ಮಾಡಿದ ಮಾದರಿ ಐಡೆಕ್ಸ್. 2018ರಲ್ಲಿ ರಕ್ಷಣಾ ಇಲಾಖೆ ಶುರು ಮಾಡಿದ್ದು, ಹಿಂದಿರೋ ಸಂಸ್ಥೆಗೆ ಬಂಡವಾಳ ಹಾಕಿದ್ದು ಎಚ್‌ಎಎಲ್ ಮತ್ತು ಬಿಇಎಲ್. ಸೇನೆಯೇ ಸಮಸ್ಯೆ ಹೇಳುತ್ತೆ, 1.5 ಕೋಟಿವರೆಗೆ ಅನುದಾನ, ಅಷ್ಟೇ ಪಾಲು ಕಂಪನಿಯಿಂದ, ಗೆದ್ದವರಿಂದ ಕೊಳ್ಳೋಕೆ ರಕ್ಷಣಾ ಖರೀದಿ ಪ್ರಕ್ರಿಯೆ 2020ರಲ್ಲೇ ದಾರಿ. ನೀರು, ವಿದ್ಯುತ್, ಬಸ್ಸು ನಡೆಸೋ ನಮ್ಮ ನಿಗಮಗಳಿಗೆ ಇಂಥದ್ದೇ ಬೇಕು: ವರ್ಷಕ್ಕೆ ಐದು ಸಮಸ್ಯೆ, ಪ್ರತಿಯೊಂದಕ್ಕೂ ಖರೀದಿ ಪ್ರಮಾಣ ಮುಂಚೆಯೇ ಘೋಷಣೆ, ಬಜೆಟ್ ಶೀರ್ಷಿಕೆ ಮುಂಚೆಯೇ ನಿಗದಿ.

ಪೀಣ್ಯ 2ನೇ ಹಂತ

ಗಾಂಧಿಬಜಾರ್‌ನವರೇ, ಉದ್ಯಮ್ ನೋಂದಣಿ ಇಲ್ಲದೆ ಈಗಾಗಲೇ ಮಾಲು ಕಳಿಸಿದವರು ಈಗ ನೋಂದಣಿ ಮಾಡಿಸಿದರೆ ಹಳೇ ಬಾಕಿಗೂ 45 ದಿನದ ನಿಯಮ ಹತ್ತುತ್ತಾ?

ಗಾಂಧಿಬಜಾರ್ ಲೆಕ್ಕ

ಅದನ್ನ ನೆಚ್ಚಿಕೊಳ್ಳಬೇಡಿ. ನೋಂದಣಿಗೆ ಮುಂಚಿನ ಪೂರೈಕೆ ಬಗ್ಗೆ ಸುಪ್ರೀಂ ಕೋರ್ಟಿನವರೆಗೂ ವ್ಯಾಜ್ಯ ಹೋಗಿದೆ. ಎದುರಿನವರ ವಕೀಲರು ಮೊದಲು ಎತ್ತೋ ಆಕ್ಷೇಪಣೆಯೇ ಅದು. ನೋಂದಣಿಗೆ ಶುಲ್ಕ ಇಲ್ಲ, ಆಧಾರ್ ಮತ್ತು ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲೇ ಆಗುತ್ತೆ. ದುಡ್ಡು ಕೇಳೋ ನಕಲಿ ಸೈಟುಗಳಿವೆ, ಹುಷಾರು. ಮೊದಲ ಬಿಲ್‌ಗಿಂತ ಮುಂಚೆ ಮಾಡಿಸಿ, ಸಂಖ್ಯೆಯನ್ನ ಪ್ರತಿ ಬಿಲ್ ಮೇಲೆ ಜಿಎಸ್‌ಟಿ ಸಂಖ್ಯೆ ಪಕ್ಕದಲ್ಲೇ ಅಚ್ಚು ಹಾಕಿಸಿ. ಹಳೇ ಬಾಕಿಗೆ ಒಂದು ದಾರಿ: ಗಿರಾಕಿಯಿಂದ ಬಾಕಿ ದೃಢೀಕರಣ ಪತ್ರ ಸಹಿ ಮಾಡಿಸಿ ಇಟ್ಟುಕೊಳ್ಳಿ, ಬಾಕಿ ಬಿದ್ದು ಮೂರು ವರ್ಷ ಆಗೋದರೊಳಗೆ. ಆ ಸಹಿಯಿಂದ ವಸೂಲಿ ದಾವೆಯ ಕಾಲಮಿತಿ ಹೊಸದಾಗಿ ಶುರುವಾಗುತ್ತೆ.